ಹೂವು ಕಳಿಸುವುದಾದರೆ ಆ ಊರಿನ ಅಂಗಡಿಗೇ ಫೋನ್ ಮಾಡಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎರಡು ವರ್ಷದ ಹಿಂದೆ ಎಪ್ಪತ್ತೈದು ತುಂಬಿತು. ಏಪ್ರಿಲ್ ತಿಂಗಳು, ಬೆಂಗಳೂರಿನಿಂದ ಹೊರಡಲು ನನಗೆ ರಜೆ ಸಿಗಲಿಲ್ಲ. ಫೋನಿನಲ್ಲೇ ಒಂದು ಹೂವಿನ ಕಂಪನಿಯ ಆ್ಯಪ್ ತೆರೆದು, ಗಾಜಿನ ಹೂದಾನಿಯಲ್ಲಿ ಕೆಂಪು ಗುಲಾಬಿ, ಬಿಳಿ ಲಿಲಿ ತುಂಬಿದ್ದ ಚಿತ್ರಕ್ಕೆ ಮರುಳಾಗಿ ದುಡ್ಡು ಕಟ್ಟಿದೆ. ಬೆಳಿಗ್ಗೆ ಹನ್ನೊಂದರೊಳಗೆ ತಲುಪಬೇಕಿದ್ದದ್ದು ರಾತ್ರಿ ಎಂಟೂವರೆಗೆ ತಲುಪಿತು. ಲಿಲಿ ಇರಲಿಲ್ಲ, ಹೂದಾನಿಯೂ ಇರಲಿಲ್ಲ. ಮಿರಮಿರ ಮಿಂಚುವ ಪ್ಲಾಸ್ಟಿಕ್ ಹಾಳೆಯೊಳಗೆ ಹನ್ನೆರಡು ಜರ್ಬೆರಾ ಕತ್ತು ಬಾಗಿಸಿಕೊಂಡು ನಿಂತಿದ್ದವು. ದೊಡ್ಡಮ್ಮ ಬೇಜಾರು ತೋರಿಸಲಿಲ್ಲ. "ಚೆನ್ನಾಗಿದೆ ಕಣೇ. ಆದ್ರೆ ಇದನ್ನ ದೇವರಿಗೆ ಏರಿಸೋ ಹಾಗಿಲ್ಲ, ಮುಡಿಯೋ ಹಾಗಿಲ್ಲ. ಏನ್ ಮಾಡ್ಲಿ ಹೇಳು?" ಅಂದರು.

ಮರುವರ್ಷ ಬುದ್ಧಿ ಬಂದಿತ್ತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕೂರುವ ಒಬ್ಬರ ನಂಬರನ್ನು ಅಲ್ಲಿನ ಗೆಳತಿಯಿಂದ ತರಿಸಿಕೊಂಡು, ಹಿಂದಿನ ದಿನವೇ ಫೋನ್ ಮಾಡಿ ಎರಡು ಮಾರು ಮಲ್ಲಿಗೆ ಹೇಳಿದೆ. "ಮೊಗ್ಗು ಬಿಗಿಯಾಗಿರೋದನ್ನೇ ಕಟ್ತೀನಿ ಅಕ್ಕಾ, ಸಾಯಂಕಾಲ ಅರಳುತ್ತೆ" ಅಂದವರು, ಬಾಳೆಎಲೆಯಲ್ಲಿ ಸುತ್ತಿ, ಪರಿಚಯದ ಆಟೊದವರ ಕೈಗೆ ಕೊಟ್ಟು ಕಳಿಸಿದರು. ಆಟೊ ಬಾಡಿಗೆ ಸೇರಿಸಿದರೂ ಖರ್ಚು ಹಿಂದಿನ ವರ್ಷದ ಅರ್ಧದಷ್ಟೂ ಆಗಲಿಲ್ಲ. ದೊಡ್ಡಮ್ಮ ಒಂದು ಮೊಳ ದೇವರಿಗೆ ಏರಿಸಿ, ಒಂದು ತುಂಡು ತಾನು ಮುಡಿದು, ಉಳಿದದ್ದನ್ನು ಅಕ್ಕಪಕ್ಕದ ಮೂರು ಮನೆಗೆ ಹಂಚಿದರಂತೆ.

ದೂರದ ಊರಿಗೆ ಹೂವು ಕಳಿಸುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಈ ವ್ಯವಹಾರದ ಒಳಗುಟ್ಟನ್ನು. ನೀವು ದುಡ್ಡು ಕಟ್ಟುವ ದೊಡ್ಡ ಜಾಲತಾಣದವರಿಗೆ ಎಷ್ಟೋ ಊರುಗಳಲ್ಲಿ ಸ್ವಂತ ಅಂಗಡಿ ಇರುವುದಿಲ್ಲ. ಅವರು ಆರ್ಡರ್ ಹಿಡಿದು, ತಮ್ಮ ಪಾಲು ಮುರಿದುಕೊಂಡು, ಉಳಿದದ್ದನ್ನು ಆ ಊರಿನ ಒಬ್ಬ ಹೂವಿನ ಅಂಗಡಿಯವರಿಗೆ ದಾಟಿಸುತ್ತಾರೆ. ಇದೇನೂ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಉಪಾಯವಲ್ಲ. 1910ರಲ್ಲೇ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಒಟ್ಟುಗೂಡಿ, ಒಂದು ಊರಿನಲ್ಲಿ ಪಡೆದ ಆರ್ಡರನ್ನು ಇನ್ನೊಂದು ಊರಿನ ಅಂಗಡಿಗೆ ಟೆಲಿಗ್ರಾಂ ಮೂಲಕ ತಿಳಿಸುವ ಕೂಟ ಕಟ್ಟಿಕೊಂಡಿದ್ದರು. ಟೆಲಿಗ್ರಾಂ ಹೋಗಿ ಆ್ಯಪ್ ಬಂದಿದೆ, ಪದ್ಧತಿ ಅದೇ. ಸಾವಿರದ ಇನ್ನೂರು ಕೊಟ್ಟು ನೀವು ಚಿತ್ರದಲ್ಲಿ ನೋಡಿದ ಬೊಕೆಯನ್ನು, ತಮ್ಮ ಕೈಗೆ ಬರುವ ಕಡಿಮೆ ದುಡ್ಡಿನಲ್ಲಿ, ಅಂದು ಬೆಳಿಗ್ಗೆ ಅಂಗಡಿಯಲ್ಲಿ ಇದ್ದ ಹೂವಿನಲ್ಲಿ ಆ ಅಂಗಡಿಯವರು ಕಟ್ಟಬೇಕು. ಲಿಲಿ ಹೋಗಿ ಜರ್ಬೆರಾ ಬರುವುದು ಹೀಗೆ. ಅವರನ್ನು ಬೈದು ಫಲವಿಲ್ಲ. ನೇರವಾಗಿ ಅವರಿಗೇ ಫೋನ್ ಮಾಡಿದರೆ ಅದೇ ದುಡ್ಡಿಗೆ ಹೆಚ್ಚು ಹೂವು ಬರುತ್ತದೆ.

ಅಂಥ ಅಂಗಡಿ ಹುಡುಕುವುದು ಕಷ್ಟವೇನಲ್ಲ. ತಲುಪಬೇಕಾದ ಬಡಾವಣೆಯ ಹೆಸರು ಹಾಕಿ ಮ್ಯಾಪಿನಲ್ಲಿ ಹುಡುಕಿದರೆ ನಾಲ್ಕಾರು ಸಿಗುತ್ತವೆ. ಹೆಸರಿಗಿಂತ ಗಿರಾಕಿಗಳು ಹಾಕಿದ ಫೋಟೊ ನೋಡಿ: ಅಂಗಡಿಯ ಮುಂದೆ ಬಕೆಟ್‌ಗಳಲ್ಲಿ ಹೂವು ಕಾಣಬೇಕು. ಬರೀ ಕಂಪ್ಯೂಟರ್‌ನಲ್ಲಿ ಮಾಡಿದ ಬೊಕೆ ಚಿತ್ರಗಳಿದ್ದರೆ ಅದೂ ಆರ್ಡರ್ ಹಿಡಿಯುವ ಕಚೇರಿಯೇ ಇರಬಹುದು. ಫೋನ್ ಮಾಡಿದಾಗ ಮೊದಲ ಪ್ರಶ್ನೆ, "ಇವತ್ತು ಅಂಗಡಿಯಲ್ಲಿ ಯಾವ ಹೂವು ಚೆನ್ನಾಗಿದೆ?" ನಿಜವಾದ ಅಂಗಡಿಯವರು ತಡವರಿಸದೆ ಹೇಳುತ್ತಾರೆ. ಕಟ್ಟಿದ ಮೇಲೆ ಕಳಿಸುವ ಮುಂಚೆ ಒಂದು ಫೋಟೊ ವಾಟ್ಸಾಪ್ ಮಾಡಲು ಹೇಳಿ. ಅರ್ಧ ಹಣ ಮೊದಲು, ಉಳಿದದ್ದು ಫೋಟೊ ನೋಡಿದ ಮೇಲೆ ಎಂದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಯಾವ ಹೂವು ಅನ್ನುವುದು. ಪಡೆಯುವವರು ಆ ಹೂವನ್ನು ಏನು ಮಾಡುತ್ತಾರೆ ಎಂದು ಒಂದು ನಿಮಿಷ ಯೋಚಿಸಿ. ನಮ್ಮ ಕಡೆ ಅರವತ್ತು ದಾಟಿದವರ ಮನೆಗೆ ಬಿಡಿ ಹೂವೋ ಕಟ್ಟಿದ ಹೂವೋ ಹೋದರೆ ಅದಕ್ಕೆ ಕೂಡಲೇ ಒಂದು ಜಾಗ ಸಿಗುತ್ತದೆ. ಬೊಕೆಗೆ ಹೂದಾನಿಯೇ ಇಲ್ಲದ ಮನೆಗಳು ಎಷ್ಟೋ. ಕೊನೆಗೆ ಅದು ಸ್ಟೀಲ್ ಚೊಂಬಿನಲ್ಲಿ ನಿಂತು ಎರಡು ದಿನಕ್ಕೆ ಕಸ ಸೇರುತ್ತದೆ.

ಮಲ್ಲಿಗೆ ಕಳಿಸುವುದಾದರೆ ಯಾವ ಮಲ್ಲಿಗೆ ಎಂದು ಹೇಳಿ. ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮೂರರ ಅಭಿಮಾನಿಗಳೂ ಬೇರೆ ಬೇರೆ. ಕರಾವಳಿಯವರ ಮನೆಗೆ ಕಳಿಸುವಾಗ 'ಮೊಳ' ಅನ್ನಬೇಡಿ. ಉಡುಪಿಯ ಶಂಕರಪುರ ಮಲ್ಲಿಗೆಯ ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಕಟ್ಟುವುದು ಬಾಳೆ ನಾರಿನಲ್ಲಿ. ಹುಟ್ಟುಹಬ್ಬಕ್ಕೆ ಒಂದು ಚೆಂಡು ಧಾರಾಳ. ಮೊಗ್ಗನ್ನು ಬೆಳಗಿನ ಜಾವ ಕೊಯ್ದು ಮಧ್ಯಾಹ್ನದೊಳಗೆ ಕಟ್ಟಿ ಮುಗಿಸುತ್ತಾರೆ, ಸಂಜೆ ಅರಳುತ್ತದೆ. ಹಾಗಾಗಿ ಮಲ್ಲಿಗೆಗೆ ಬೆಳಿಗ್ಗೆಯ ಡೆಲಿವರಿ ಕೇಳುವುದು ತಪ್ಪು. ಮಧ್ಯಾಹ್ನ ಮೂರರಿಂದ ಐದರೊಳಗೆ ತಲುಪಿದರೆ ಸರಿಯಾದ ಹೊತ್ತು. ಪ್ಲಾಸ್ಟಿಕ್ ಚೀಲದಲ್ಲಿ ನೀರು ಚಿಮುಕಿಸಿ ಕಟ್ಟಿದರೆ ಎಸಳು ಕಂದು ತಿರುಗುತ್ತದೆ. ಬಾಳೆಎಲೆ, ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಕಾಗದ, ಇಷ್ಟಿದ್ದರೆ ಐದಾರು ಗಂಟೆ ಬಸ್ಸಿನಲ್ಲೂ ಬಾಳುತ್ತದೆ.

ಬಸ್ಸು ಅಂದಾಗ ಹೇಳಬೇಕು: ಹೂವಿನ ಅಂಗಡಿ ಸಿಗದ ಸಣ್ಣ ಊರಿಗೆ ಇವತ್ತಿಗೂ ಒಳ್ಳೆಯ ದಾರಿ ಅದೇ. ಕೆಎಸ್ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೋ' ಹೆಸರಿನಲ್ಲಿ ಪಾರ್ಸೆಲ್ ಸೇವೆ ಶುರು ಮಾಡಿದೆ, ಖಾಸಗಿ ಬಸ್ಸಿನವರಂತೂ ಮೊದಲಿನಿಂದಲೂ ಒಯ್ಯುತ್ತಾರೆ. ಆದರೆ ಬಸ್ಸು ನಿಲ್ದಾಣದವರೆಗೆ ಮಾತ್ರ. ಅಲ್ಲಿಂದ ತರಲು ಆ ಕಡೆ ಒಬ್ಬರು ಬೇಕು, ಅವರಿಗೆ ಬಸ್ಸಿನ ನಂಬರು, ಹೊರಟ ಹೊತ್ತು, ರಸೀತಿಯ ಫೋಟೊ ಮೂರೂ ಹೋಗಬೇಕು.

ಬೆಂಗಳೂರಿನ ಒಳಗೇ ಕಳಿಸುವವರಿಗೆ ಅನುಕೂಲ ಹೆಚ್ಚು. ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೂವಿನ ರಾಶಿ ಬಿದ್ದಿರುತ್ತದೆ, ಗಾಂಧಿ ಬಜಾರ್‌ನ ಅಂಗಡಿಗಳಿಗೆ ಬೆಳಕು ಹರಿಯುವ ಹೊತ್ತಿಗೆ ಅದೇ ಹೂವು ಬಂದು ಸೇರುತ್ತದೆ. ಅಲ್ಲಿ ನಿಂತು ನೋಡಬೇಕು: ಎಡಗೈ ಬೆರಳಿಗೆ ದಾರ ಸುತ್ತಿಕೊಂಡು, ಎರಡು ಮೊಗ್ಗು ಆ ಕಡೆ ಎರಡು ಈ ಕಡೆ ಇಟ್ಟು, ಒಂದು ಸುತ್ತು, ಒಂದು ಗಂಟು. ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಲೇ ಕೈ ತನ್ನ ಪಾಡಿಗೆ ಕಟ್ಟುತ್ತಿರುತ್ತದೆ. ಆಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರೆ ಒಂದು ಮೊಳ. ಗಿಡ್ಡ ಕೈಯವರ ಮೊಳ ಗಿಡ್ಡ, ಆದ್ದರಿಂದಲೇ ಕೊನೆಯಲ್ಲಿ "ಇನ್ನೊಂದು ಗೇಣು ಹಾಕಮ್ಮಾ" ಅನ್ನುವ ಹಕ್ಕು ನಮಗಿದೆ. ಫೋನಿನಲ್ಲಿ ಹೂವು ತರಿಸಿದರೆ ತಪ್ಪಿಹೋಗುವುದು ಈ ಒಂದು ಗೇಣು.

ಬೊಕೆಯೇ ಬೇಕು ಅನ್ನುವ ಸಂದರ್ಭಗಳೂ ಇವೆ. ಕಚೇರಿಯ ಬೀಳ್ಕೊಡುಗೆ, ಗೆಳೆಯರ ಹೊಸ ಅಂಗಡಿ, ಫೆಬ್ರುವರಿ 14. ಆಗ ಎಷ್ಟು ದಿನ ಬಾಳಬೇಕು ಎಂದು ನೋಡಿ ಹೂವು ಆರಿಸಿ. ಗುಲಾಬಿ ನಮ್ಮ ಬೇಸಿಗೆಯಲ್ಲಿ ನಾಲ್ಕೈದು ದಿನ ಬಂದರೆ ದೊಡ್ಡದು. ಕಾರ್ನೇಷನ್ ವಾರ ದಾಟುತ್ತದೆ. ಆರ್ಕಿಡ್ ಮತ್ತು ಆಂಥೂರಿಯಂ ಎರಡು ವಾರ ಬಂದರೂ ಆಶ್ಚರ್ಯವಿಲ್ಲ, ಆದರೆ ಇವೆರಡನ್ನೂ ಫ್ರಿಜ್‌ನಲ್ಲಿ ಇಟ್ಟರೆ ಕಪ್ಪಾಗುತ್ತವೆ. ಗುಲಾಬಿ ತಾಜಾ ಹೌದೋ ಅಲ್ಲವೋ ನೋಡಲು ಎಸಳು ನೋಡಬೇಡಿ. ಅಂಗಡಿಯವರು ಬಾಡಿದ ಹೊರಗಿನ ಎಸಳು ಕಿತ್ತು ಹೊಸದು ಮಾಡಿರುತ್ತಾರೆ. ಮೊಗ್ಗಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿ. ಗಟ್ಟಿ ಇದ್ದರೆ ಹೊಸದು, ಮೆತ್ತಗಿದ್ದರೆ ಮೊನ್ನೆಯದು. ಹೊಸೂರು ಕಡೆಯಿಂದ ಬರುವ 'ತಾಜ್ ಮಹಲ್' ಎಂಬ ಕಡುಕೆಂಪು ತಳಿಗೆ ಫೆಬ್ರುವರಿಯ ಎರಡನೇ ವಾರ ಚಿನ್ನದ ಬೆಲೆ. ಆ ವಾರದಲ್ಲಿ ನಾನಾದರೆ ಗುಲಾಬಿ ಬಿಟ್ಟು ಸುಗಂಧರಾಜ ಕಳಿಸುತ್ತೇನೆ. ಹಾರಕ್ಕೆ ಬಳಸುವುದು ಒಂದೇ ಸುತ್ತು ಎಸಳಿನ ಸಿಂಗಲ್, ಬೊಕೆಗೆ ಡಬಲ್ ಕಡ್ಡಿ ಕೇಳಿ ಪಡೆಯಿರಿ. ಕೆಳಗಿನ ಎರಡು ಹೂವು ಮಾತ್ರ ಅರಳಿರುವ ಕಡ್ಡಿಯಾದರೆ ಮೇಲಿನವು ದಿನಕ್ಕಿಷ್ಟರಂತೆ ಅರಳುತ್ತಾ ಹೋಗುತ್ತವೆ.

ದರದ ಲೆಕ್ಕವೂ ತಿಳಿದಿರಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ದಿನ ಕನಕಾಂಬರದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮದುವೆ-ಗೃಹಪ್ರವೇಶಗಳಿಲ್ಲದೆ ಹೂವು ಅಗ್ಗ. ಆಗ ಹುಟ್ಟಿದವರು ಅದೃಷ್ಟವಂತರು.

ಬೊಕೆ ತಲುಪಿದ ಮೇಲೆ ಏನು ಮಾಡಬೇಕೆಂದು ಎರಡು ಸಾಲು ಅವರಿಗೆ ತಿಳಿಸಿ. ಪ್ಲಾಸ್ಟಿಕ್ ಬಿಚ್ಚಬೇಕು, ಕಾಂಡದ ತುದಿಯನ್ನು ಒಂದು ಇಂಚು ಓರೆಯಾಗಿ ಕತ್ತರಿಸಬೇಕು, ನೀರಿನಲ್ಲಿ ಮುಳುಗುವ ಎಲೆ ತೆಗೆಯಬೇಕು, ನೀರು ದಿನಾ ಬದಲಿಸಬೇಕು. ಜರ್ಬೆರಾಕ್ಕೆ ಮಾತ್ರ ನೀರು ಎರಡು ಇಂಚು ಸಾಕು, ಅದರ ರೋಮದ ಕಾಂಡ ಬೇಗ ಕೊಳೆಯುತ್ತದೆ. ಲಿಲಿ ಇದ್ದರೆ ನಡುವಿನ ಕೇಸರಗಳನ್ನು ಕಿತ್ತುಬಿಡಿ, ಆ ಪುಡಿ ರೇಷ್ಮೆ ಸೀರೆಗೆ ಅಂಟಿದರೆ ಹೋಗುವುದಿಲ್ಲ. ಊಟದ ಮೇಜಿನ ಮೇಲೆ ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲೇ ಹೂದಾನಿ ಇಡುವುದು ನಮ್ಮೆಲ್ಲರ ಅಭ್ಯಾಸ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಮುದುಡುತ್ತದೆ, ಕಾರ್ನೇಷನ್ ಅಂತೂ ಒಂದೇ ದಿನಕ್ಕೆ ಮುಚ್ಚಿಕೊಂಡುಬಿಡಬಹುದು. ಮಾವಿನ ಕಾಲದಲ್ಲಿ ಹೂದಾನಿ ಇನ್ನೊಂದು ಕೋಣೆಗೆ ಹೋಗಲಿ.

ಈಚೆಗೆ ಹೂವಿಗಿಂತ ಗಿಡ ಕಳಿಸುವವರೇ ಹೆಚ್ಚು. ಒಳ್ಳೆಯದೇ, ಆದರೆ ಗಿಡ ಅಂದರೆ ಪಡೆಯುವವರ ತಲೆಗೆ ಒಂದು ಕೆಲಸ ಕಟ್ಟಿದಂತೆ. ಅವರ ಮನೆಯಲ್ಲಿ ಬಿಸಿಲು ಬೀಳುವ ಬಾಲ್ಕನಿ ಇದೆಯೇ? ತಿಂಗಳಿಗೊಮ್ಮೆ ಊರಿಗೆ ಹೋಗಿ ವಾರಗಟ್ಟಲೆ ಇರುವವರೇ? ಬಿಸಿಲಿಲ್ಲದ, ನೀರು ಹಾಕಲು ಮರೆಯುವ ಮನೆಗೆ ಸ್ನೇಕ್ ಪ್ಲಾಂಟ್ ಅಥವಾ ಝಡ್‌ಝಡ್ ಗಿಡ. ಕಿಟಕಿಯ ಬೆಳಕು ಇದ್ದು ದಿನಾ ಗಿಡ ನೋಡುವವರಿದ್ದರೆ ಪೀಸ್ ಲಿಲಿ. ನೀರು ಬೇಕಾದಾಗ ಅದೇ ಎಲೆ ಜೋತುಬಿಟ್ಟು ಹೇಳುತ್ತದೆ. ಅಡುಗೆಯವರಿಗೆ ಕರಿಬೇವು, ದೊಡ್ಡಪತ್ರೆ, ಬಿಸಿಲಿರುವ ಕಡೆ. ಲಕ್ಕಿ ಬ್ಯಾಂಬೂ ಎಂದು ಮಾರುವುದು ಬಿದಿರೇ ಅಲ್ಲ, ಡ್ರಸೀನಾ ಜಾತಿಯ ಗಿಡ. ಅದೃಷ್ಟದ ವಿಚಾರ ನನಗೆ ಗೊತ್ತಿಲ್ಲ, ನೀರಿನಲ್ಲಿ ಬದುಕುತ್ತದೆ ಅನ್ನುವುದಂತೂ ನಿಜ.

ತೆವಳುವ ಮಗು ಇರುವ ಮನೆಗೆ ಡಿಫೆನ್‌ಬೇಕಿಯಾ ಬೇಡ. ದೊಡ್ಡ ಚುಕ್ಕೆ ಎಲೆಯ ಆ ಗಿಡದ ರಸ ಬಾಯಿಗೆ ತಾಗಿದರೆ ನಾಲಿಗೆ ಉರಿದು ಬಾತುಕೊಳ್ಳುತ್ತದೆ. ಬೆಕ್ಕು ಸಾಕಿರುವ ಮನೆಗೆ ಲಿಲಿ ಹೂವು ಖಂಡಿತ ಬೇಡ, ಅದರ ಎಲೆ, ಪುಡಿ ಸ್ವಲ್ಪ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಗಿಡವನ್ನು ನರ್ಸರಿಯಲ್ಲೇ ಕೊಳ್ಳಿ, ಉಡುಗೊರೆ ಅಂಗಡಿಯಲ್ಲಿ ಬೇಡ. ಲಾಲ್‌ಬಾಗ್‌ನ ಒಳಗಿನ ನರ್ಸರಿಯವರ ಸಹಕಾರ ಸಂಘದ ಮಳಿಗೆಯಲ್ಲೋ, ಆಚೆ ಸಿದ್ದಾಪುರದ ಕಡೆಯ ಸಾಲು ನರ್ಸರಿಗಳಲ್ಲೋ ನೂರು-ಇನ್ನೂರಕ್ಕೆ ಸಿಗುವ ಗಿಡವೇ ಬಣ್ಣದ ಪಿಂಗಾಣಿ ಕುಂಡ ಸೇರಿದ ಮೇಲೆ ಜಾಲತಾಣದಲ್ಲಿ ಏಳುನೂರಾಗುತ್ತದೆ. ಆ ಪಿಂಗಾಣಿ ಕುಂಡಗಳಲ್ಲಿ ಅರ್ಧಕ್ಕರ್ಧ ತಳದಲ್ಲಿ ತೂತೇ ಇರುವುದಿಲ್ಲ. ನೀರು ಹೊರಗೆ ಹೋಗಲು ದಾರಿ ಇಲ್ಲದೆ ಬೇರು ಕೊಳೆತು, ಎರಡನೇ ತಿಂಗಳಿಗೆ ಗಿಡ ಸತ್ತು, "ನನ್ನ ಕೈ ಗಿಡಕ್ಕೆ ಆಗಿಬರಲ್ಲ" ಅಂತ ಪಾಪ ಪಡೆದವರು ನೊಂದುಕೊಳ್ಳುತ್ತಾರೆ. ಆರ್ಡರ್ ಕೊಡುವಾಗ ಕೇಳಬೇಕಾದ ಮೊದಲ ಮಾತು, "ಕುಂಡಕ್ಕೆ ತೂತಿದೆಯಾ, ಕೆಳಗೆ ತಟ್ಟೆ ಕೊಡ್ತೀರಾ?"

ಸಾಗಿಸುವುದರಲ್ಲಿ ತೂಕದ ಲೆಕ್ಕ ಬರುತ್ತದೆ. 6 ಇಂಚಿನ ಕುಂಡ ಮಣ್ಣು ಸಮೇತ ಎರಡು-ಮೂರು ಕೆ.ಜಿ., ಬೈಕಿನವರು ಕಾಲ ಬಳಿ ಇಟ್ಟುಕೊಂಡು ಒಯ್ಯುತ್ತಾರೆ. 12 ಇಂಚಿನದ್ದು ನೀರು ಕುಡಿದ ಮೇಲೆ ಹದಿನೈದು ಕೆ.ಜಿ. ದಾಟುತ್ತದೆ, ಅದಕ್ಕೆ ಗೂಡ್ಸ್ ಆಟೊನೇ ಆಗಬೇಕು. ಒಮ್ಮೆ ನಾನು ಜಿಪುಣತನ ಮಾಡಿ ಎರಡಡಿ ಎತ್ತರದ ಆಡೇನಿಯಂ ಒಂದನ್ನು ಬೈಕಿನಲ್ಲಿ ಕಳಿಸಿದೆ. ಹುಡುಗ ಅದನ್ನು ಬೆನ್ನಿನ ಚೀಲದಲ್ಲಿ ನಿಲ್ಲಿಸಿಕೊಂಡು ಜಯನಗರದಿಂದ ಯಲಹಂಕದವರೆಗೆ ಗಾಳಿಗೆ ಓಡಿಸಿದ್ದ. ತಲುಪಿದಾಗ ಗಿಡದಲ್ಲಿ ಒಂದು ಹೂವೂ ಉಳಿದಿರಲಿಲ್ಲ. ತಪ್ಪು ನನ್ನದೇ. ಗಿಡಕ್ಕೆ ಹಿಂದಿನ ದಿನ ನೀರು ಹಾಕಿರಬೇಕು, ಹೊರಡುವ ಹೊತ್ತಿಗೆ ಹಾಕಿದರೆ ಪೆಟ್ಟಿಗೆಯೆಲ್ಲ ಕೆಸರು. ಮಣ್ಣಿನ ಮೇಲೆ ಹಳೆ ಪೇಪರ್ ಹೊದಿಸಿ ಕುಂಡದ ಸುತ್ತ ದಾರ ಕಟ್ಟಿದರೆ ಓರೆಯಾದರೂ ಚೆಲ್ಲುವುದಿಲ್ಲ. ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ನಾಲ್ಕು ತೂತು, ಮೇಲೆ ಬಾಣದ ಗುರುತು, ದೊಡ್ಡದಾಗಿ 'ಗಿಡ ಇದೆ' ಎಂದು ಬರೆದರೆ ಸಾಕು.

ಗಿಡ ತಲುಪಿದ ದಿನವೇ ಕುಂಡ ಬದಲಿಸುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಬೇಡ ಎಂದು ಹೇಳಿ. ಒಂದು ವಾರ ನೆರಳಿನಲ್ಲಿ ಇದ್ದು ಹೊಸ ಮನೆಗೆ ಹೊಂದಿಕೊಳ್ಳಲಿ, ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಹೆದರಬೇಕಿಲ್ಲ. ನರ್ಸರಿಯವರು ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟಿದ್ದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಬೆರಳು ಒಂದು ಗೆಣ್ಣಿನಷ್ಟು ಒಳಗೆ ಚುಚ್ಚಿ ನೋಡಿ ನೀರು ಹಾಕಬೇಕು.

ವಿಳಾಸದ ಗೋಳು ಬೇರೆಯೇ. ಬೆಂಗಳೂರಿನಲ್ಲಿ ಮೂರನೇ ಕ್ರಾಸ್, ಐದನೇ ಮೇನ್ ಅನ್ನುವುದು ಪ್ರತಿ ಬಡಾವಣೆಯಲ್ಲೂ ಇದೆ. ಮ್ಯಾಪಿನ ಗುರುತಿನ ಜೊತೆ "ಗಣೇಶನ ಗುಡಿ ಎದುರು, ಹಸಿರು ಗೇಟು" ಎಂಬ ಹಳೇ ಪದ್ಧತಿಯೂ ಇರಲಿ. ಅಪಾರ್ಟ್‌ಮೆಂಟ್ ಆದರೆ ಗೇಟಿನಲ್ಲಿ ಫೋನ್ ಎತ್ತದಿದ್ದರೆ ಹೂವು ವಾಚ್‌ಮನ್ ಮೇಜಿನ ಮೇಲೆ ಬಿಸಿಲಲ್ಲಿ ಸಂಜೆವರೆಗೆ ಕೂರುತ್ತದೆ. ಆಶ್ಚರ್ಯ ಪಡಿಸುವ ಆಸೆ ಇದ್ದರೂ ಮನೆಯಲ್ಲಿ ಒಬ್ಬರಿಗಾದರೂ ಗುಟ್ಟು ಹೇಳಿಟ್ಟಿರಿ. ಆಸ್ಪತ್ರೆಗೆ ಕಳಿಸುವ ಮುಂಚೆ ಕೇಳಿ. ತೀವ್ರ ನಿಗಾ ಘಟಕದೊಳಗೆ ಸಾಮಾನ್ಯವಾಗಿ ಹೂವು ಬಿಡುವುದಿಲ್ಲ, ವಾರ್ಡಿನಲ್ಲಿ ಬಿಟ್ಟರೂ ಸುಗಂಧರಾಜದ ಘಾಟು ಪಕ್ಕದ ಹಾಸಿಗೆಯವರಿಗೆ ಆಗದೇ ಹೋಗಬಹುದು. ಸಾವಿನ ಮನೆಗೆ ಬಣ್ಣದ ಬೊಕೆ, ಗಿಡ ಎರಡೂ ಬೇಡ. ಹಾರ ಹೋಗಬೇಕು, ಅದೂ ಅಂತ್ಯಕ್ರಿಯೆಗೆ ಮುಂಚೆ. ಹೊತ್ತು ಮೀರಿದ್ದರೆ ಫೋನ್ ಮಾಡಿ ಮಾತಾಡುವುದೇ ಸರಿ.

ಹೊರದೇಶದಲ್ಲಿರುವ ಮಕ್ಕಳು ಅಪ್ಪ-ಅಮ್ಮನಿಗೆ ಕಳಿಸುವಾಗ ಎಡವುವುದು ತಾರೀಕಿನಲ್ಲಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಶನಿವಾರ ರಾತ್ರಿ ಹತ್ತು ಅಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆ. 'ನಾಳೆ' ಎಂದು ಒತ್ತಿದರೆ ಯಾರ ನಾಳೆ ಎಂದು ಗೊತ್ತಾಗದು, ತಾರೀಕನ್ನೇ ಆರಿಸಿ. ಇಲ್ಲಿಂದ ಅಲ್ಲಿಗೆ ಗಿಡ ಕಳಿಸುವ ಯೋಚನೆ ಮಾತ್ರ ಬಿಡಿ, ಸೂಟ್‌ಕೇಸಿನಲ್ಲಿ ಕರಿಬೇವಿನ ಸಸಿ ಒಯ್ಯುವುದನ್ನೂ. ಕರಿಬೇವು ನಿಂಬೆಯ ಕುಟುಂಬದ್ದು. ನಿಂಬೆ-ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟದ ಭಯದಿಂದ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅದನ್ನು ಕಿತ್ತುಕೊಳ್ಳುತ್ತಾರೆ. ಅಲ್ಲಿನ ಊರಿನ ನರ್ಸರಿಗೆ ಹೇಳಿ ತಲುಪಿಸುವುದೇ ದಾರಿ. ಹೂವಿನಲ್ಲೂ ಒಂದು ಎಚ್ಚರ: ನಮಗೆ ಮಂಗಳಕರವಾದ ಸೇವಂತಿಗೆ ಫ್ರಾನ್ಸಿನಲ್ಲಿ ಸಮಾಧಿಯ ಮೇಲಿಡುವ ಹೂವು, ಜಪಾನಿನಲ್ಲೂ ಬಿಳಿ ಸೇವಂತಿಗೆ ಸಾವಿನ ಮನೆಯದು. ಅಲ್ಲಿನ ಗೆಳೆಯರ ಹುಟ್ಟುಹಬ್ಬಕ್ಕೆ ಬೇರೇನಾದರೂ ನೋಡಿ.

ಜಾಲತಾಣದಲ್ಲೇ ತರಿಸಿ ಮೋಸ ಹೋದರೆ ಸುಮ್ಮನಿರಬೇಡಿ. ತಲುಪಿದ ಕೂಡಲೇ ಹೂವಿನ ಫೋಟೊ ತೆಗೆಸಿಟ್ಟುಕೊಳ್ಳಿ, ಮಾರನೆಯ ದಿನ ತೆಗೆದರೆ ಎಲ್ಲ ಹೂವೂ ಬಾಡಿದಂತೆಯೇ ಕಾಣುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ತಾಣಗಳು ದೂರು ಕೇಳುವ ಅಧಿಕಾರಿಯ ಹೆಸರು ಹಾಕಿರಬೇಕು, ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೊಡ್ಡಮ್ಮನ ಜರ್ಬೆರಾಕ್ಕೆ ಫೋಟೊ ಕಳಿಸಿ ದೂರಿದಾಗ ನನಗೆ ಅರ್ಧ ಹಣ ವಾಪಸ್ ಬಂತು.

ಕೊನೆಗೆ ಚೀಟಿ. ಅಂಗಡಿಯ ಪ್ರಿಂಟರು ಕನ್ನಡ ಅಕ್ಷರಕ್ಕೆ ಡಬ್ಬಿ-ಡಬ್ಬಿ ಮೂಡಿಸುತ್ತದೆ. ಬಿಳಿ ಹಾಳೆಯ ಮೇಲೆ ನೀವೇ ಬರೆದು ಫೋಟೊ ಕಳಿಸಿದರೆ ಅದನ್ನೇ ಅಚ್ಚು ತೆಗೆದು ಸಿಕ್ಕಿಸುತ್ತಾರೆ. ಕೆಳಗೆ ಹೆಸರು ಹಾಕಲು ಮರೆಯಬೇಡಿ. ನಮ್ಮ ಬೀದಿಯ ಮೇಷ್ಟ್ರ ಮನೆಗೆ ನಿವೃತ್ತಿಯ ದಿನ ಹೆಸರಿಲ್ಲದ ಒಂದು ಆಂಥೂರಿಯಂ ಕುಂಡ ಬಂತು. ಮೇಷ್ಟ್ರ ಹೆಂಡತಿ ಮೂರು ದಿನ ಅದಕ್ಕೆ ನೀರು ಹಾಕಲಿಲ್ಲ. ನಾಲ್ಕನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಗಿಡ ತಲುಪಿತಾ ಸಾರ್?" ಅಂದ. ಅದು ಈಗ ಅವರ ಹಜಾರದಲ್ಲಿ ಕಿಟಕಿಯ ಪಕ್ಕ ಇದೆ, ಹೋದ ತಿಂಗಳು ನೋಡಿದಾಗ ಐದು ಹೂವಿತ್ತು.